ಕಲ್ಲಿನ ಪದಬಂಧ ಬಿಡಿಸಿದ ರೈಸರು

ದಿನಪತ್ರಿಕೆಯಲ್ಲಿ ಬರುವ ಪದಬಂಧವನ್ನು ಬಿಡಿಸುವ ಹವ್ಯಾಸವುಳ್ಳವರು ನಮ್ಮಲ್ಲಿ ಅನೇಕರಿದ್ದಾರೆ. ಅವರೆಲ್ಲರಿಗೂ ಪರಿಚಿತವಾದ ಒಂದು ಅನುಭವವುಂಟು. ಎಡದಿಂದ ಬಲಕ್ಕೆ ಸಾಗುವ ಪದದ ಸುಳಿವು ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ಅಷ್ಟರಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುವ ಇನ್ನೊಂದು ಪದ ತಿಳಿಯುತ್ತದೆ. ಅದರ ಒಂದು ಅಕ್ಷರವು ಖಾಲಿ ಮನೆಯೊಳಗೆ ಬಂದು ಕುಳಿತ ಕ್ಷಣದಲ್ಲಿಯೇ ಮೊದಲಿನ ಪದ ತಾನಾಗಿ ಕಣ್ಣೆದುರು ನಿಲ್ಲುತ್ತದೆ. ಕನ್ನಡದ ಪದಬಂಧದಲ್ಲಿ ಒಂದು ಮನೆಗೆ ಒಂದು ಪೂರ್ಣಾಕ್ಷರ. ಕಾಗುಣಿತವೂ ಒತ್ತೂ ಅದರೊಳಗೇ ಸೇರಿರಬೇಕು. ಅಡ್ಡ ಪದಕ್ಕೆ ಹ್ರಸ್ವದ 'ತಿ' ಬೇಕಾಗಿ, ಉದ್ದ ಪದಕ್ಕೆ ದೀರ್ಘದ 'ತೀ' ಬೇಕಾದರೆ, ಎರಡರಲ್ಲಿ ಒಂದನ್ನು ನಾವು ತಪ್ಪಾಗಿ ತುಂಬಿದ್ದೇವೆಂದೇ ಅರ್ಥ.

ಈ ಆಟವು ಹುಟ್ಟಿದುದು ಬಹಳ ಹಿಂದೆಯೇನಲ್ಲ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಜನಿಸಿ ಅಮೆರಿಕೆಗೆ ಹೋಗಿ ನೆಲಸಿದ್ದ ಆರ್ಥರ್ ವಿನ್ ಎಂಬ ಪತ್ರಕರ್ತರು ೧೯೧೩ರ ಡಿಸೆಂಬರ್ ೨೧ರಂದು ನ್ಯೂಯಾರ್ಕ್ ವರ್ಲ್ಡ್ ಎಂಬ ಪತ್ರಿಕೆಯಲ್ಲಿ ಮೊದಲ ಪದಬಂಧವನ್ನು ಪ್ರಕಟಿಸಿದರು. ಆದರೆ ಅದಕ್ಕೂ ಎಷ್ಟೋ ವರ್ಷಗಳ ಮೊದಲೇ ಕನ್ನಡ ನಾಡಿನಲ್ಲಿ ಒಬ್ಬ ವಿದ್ವಾಂಸರು ಇಂಥದೇ ಕೆಲಸದಲ್ಲಿ ತಮ್ಮ ಬಾಳಿನ ಬಹುಭಾಗವನ್ನು ಕಳೆದಿದ್ದರು. ಅವರೆದುರಿಗೆ ಇದ್ದುದು ಕಾಗದದ ಮೇಲಿನ ಚೌಕಗಳಲ್ಲ. ಮಳೆಗೂ ಬಿಸಿಲಿಗೂ ಸವೆದುಹೋದ ಕಲ್ಲುಗಳು. ಉತ್ತರವು ಮರುದಿನದ ಸಂಚಿಕೆಯಲ್ಲಿ ಅಚ್ಚಾಗುವ ಭರವಸೆಯೂ ಅವರಿಗೆ ಇರಲಿಲ್ಲ. ಅವರೇ ಶಾಸನ ಪಿತಾಮಹರೆಂದು ಹೆಸರಾದ ಬೆಂಜಮಿನ್ ಲೂಯಿ ರೈಸ್.

ರೈಸರು ಹುಟ್ಟಿದುದು ಬೆಂಗಳೂರಿನಲ್ಲಿ, ೧೮೩೭ರ ಜುಲೈ ೧೭ರಂದು. ಅವರ ತಂದೆ ಬೆಂಜಮಿನ್ ರೈಸರು ಲಂಡನ್ ಮಿಷನ್ನಿನ ಪಾದ್ರಿಗಳು. ಕನ್ನಡವನ್ನು ಚೆನ್ನಾಗಿ ಕಲಿತವರು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಮೆಮೋರಿಯಲ್ ಚರ್ಚು ಅವರ ನೆನಪಿನದು. ಹೀಗೆ ಮಗನ ಕಿವಿಗೆ ತೊಟ್ಟಿಲಿನಿಂದಲೇ ಎರಡು ಭಾಷೆಗಳು ಬಿದ್ದವು. ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೋದ ಅವರು ೧೮೬೦ರಲ್ಲಿ ಹಿಂತಿರುಗಿ, ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಬೆಂಗಳೂರಿನ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾದರು. ಕೆಲವು ವರ್ಷಗಳಲ್ಲಿ ಮೈಸೂರು ಮತ್ತು ಕೊಡಗು ಸೀಮೆಗಳ ಶಾಲಾ ತನಿಖಾಧಿಕಾರಿಯ ಹುದ್ದೆ ಅವರಿಗೆ ದೊರೆಯಿತು. ಹೋಬಳಿಗೊಂದು ಶಾಲೆಯಿರಬೇಕೆಂಬ ಯೋಜನೆ ೧೮೬೮ರಲ್ಲಿ ರೂಪುಗೊಂಡಾಗ ಅದರಲ್ಲಿ ರೈಸರ ಪಾತ್ರ ಹಿರಿದಾಗಿತ್ತು. ಇಂದು ನಮ್ಮ ಹಳ್ಳಿಗಳ ಹಳೆಯ ಶಾಲೆಗಳ ಕಥೆಯನ್ನು ಹಿಂದಕ್ಕೆ ಹುಡುಕುತ್ತ ಹೋದರೆ ಎಷ್ಟೋ ಕಡೆ ಅದು ಈ ಯೋಜನೆಯ ಬಾಗಿಲಿಗೇ ಹೋಗಿ ನಿಲ್ಲುತ್ತದೆ.

ಆಗ ನಮ್ಮ ನಾಡಿನ ಒಳಭಾಗಗಳಿಗೆ ರೈಲುಮಾರ್ಗವಿನ್ನೂ ಬಂದಿರಲಿಲ್ಲ. ಶಾಲೆಗಳನ್ನು ನೋಡಬೇಕಾದ ಅಧಿಕಾರಿಯು ಕುದುರೆಯ ಮೇಲೆ ಊರಿಂದೂರಿಗೆ ಪಯಣಿಸಬೇಕಾಗಿತ್ತು. ಹಾಗೆ ಪಯಣಿಸುವಾಗ ರೈಸರ ಕಣ್ಣಿಗೆ ಪದೇ ಪದೇ ಬಿದ್ದುವು ಬರಹವಿದ್ದ ಕಲ್ಲುಗಳು. ಗುಡಿಯ ಅಂಗಳದಲ್ಲಿ ಒಂದು, ಕೆರೆಯ ಏರಿಯ ಮೇಲೆ ಒಂದು, ಊರ ಹೊರಗಿನ ಹೊಲದಲ್ಲಿ ಅರ್ಧ ಹೂತು ನಿಂತ ಮತ್ತೊಂದು. ಕೆಲವು ಕಲ್ಲುಗಳು ತೂಬಿನ ಚಪ್ಪಡಿಯಾಗಿದ್ದವು. ಕೆಲವು ಬಟ್ಟೆ ಒಗೆಯುವ ಕಲ್ಲಾಗಿದ್ದವು. ಅಕ್ಷರವಿದ್ದ ಕಲ್ಲಿನ ಕೆಳಗೆ ನಿಧಿಯಿರುತ್ತದೆಂದು ನಂಬಿದವರೂ ಇದ್ದರು. ಆ ನಂಬಿಕೆಯಿಂದ ಎಷ್ಟೋ ಶಾಸನಗಳು ಬುಡಮೇಲಾದವು. ಊರಿನಲ್ಲಿ ಅಕ್ಷರ ಬಲ್ಲವರಿದ್ದರೂ ಆ ಬರಹವನ್ನು ಓದಬಲ್ಲವರು ಇರಲಿಲ್ಲ. ಓದುವವರಿಲ್ಲದ ಬರಹವು ಒಂದೊಂದು ಮಳೆಗಾಲಕ್ಕೂ ಇಷ್ಟಿಷ್ಟೇ ಅಳಿಯುತ್ತಿದ್ದಿತು. ಯಾರಾದರೂ ಬೇಗನೆ ಕೈಹಾಕದಿದ್ದರೆ ಸಾವಿರ ವರ್ಷಗಳ ಸಂಗತಿಗಳು ಹೇಳಹೆಸರಿಲ್ಲದೆ ಹೋಗುತ್ತಿದ್ದವು.

ಮೇಜರ್ ಡಿಕ್ಸನ್ ಎಂಬ ಅಧಿಕಾರಿ ಮೈಸೂರು ಸೀಮೆಯ ಅನೇಕ ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಅವುಗಳನ್ನು ಓದಿ ಅನುವಾದಿಸುವ ಹೊಣೆಯನ್ನು ಸರ್ಕಾರವು ರೈಸರಿಗೆ ಒಪ್ಪಿಸಿತು. ಅದರ ಫಲವಾಗಿ ೧೮೭೯ರಲ್ಲಿ ಮೈಸೂರು ಶಾಸನಗಳ ಮೊದಲ ಸಂಪುಟ ಹೊರಬಂದಿತು. ಅದಕ್ಕೆ ಮೊದಲೇ, ೧೮೭೬ರಿಂದ ೧೮೭೮ರವರೆಗೆ, ಅವರು ಮೈಸೂರು ಮತ್ತು ಕೊಡಗಿನ ಗೆಜೆಟಿಯರನ್ನು ಮೂರು ಸಂಪುಟಗಳಲ್ಲಿ ಬರೆದಿದ್ದರು. ಊರು, ಬೆಟ್ಟ, ಹೊಳೆ, ಬೆಳೆ, ಜನ, ಜಾತ್ರೆ ಎಲ್ಲವೂ ಅದರಲ್ಲಿ ಸೇರಿವೆ. ಚನ್ನಗಿರಿಯ ಸೂಳೆಕೆರೆಯೂ ಅದರಲ್ಲಿ ಉಂಟು. ೧೮೮೫ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪುರಾತತ್ತ್ವ ಇಲಾಖೆ ಆರಂಭವಾದಾಗ ರೈಸರೇ ಅದರ ಮೊದಲ ನಿರ್ದೇಶಕರಾದರು. ಮೊದಮೊದಲು ಬೇರೆ ಕೆಲಸಗಳ ಜೊತೆಗೆ ಇದನ್ನೂ ಹೊತ್ತಿದ್ದ ಅವರು ೧೮೯೦ರಿಂದ ೧೯೦೬ರಲ್ಲಿ ನಿವೃತ್ತರಾಗುವವರೆಗೆ ತಮ್ಮ ಕಾಲವನ್ನೆಲ್ಲ ಇದಕ್ಕೇ ಮೀಸಲಿಟ್ಟರು.

ಕಲ್ಲಿನ ಬರಹವನ್ನು ಓದುವುದು ಏಕೆ ಅಷ್ಟು ಕಷ್ಟ? ಮೊದಲನೆಯದಾಗಿ, ಹಳೆಯ ಶಾಸನಗಳಲ್ಲಿ ಪದಕ್ಕೂ ಪದಕ್ಕೂ ನಡುವೆ ಜಾಗವಿಲ್ಲ. ಸಾಲು ತುಂಬಿದೊಡನೆ ಪದವು ನಡುವಿನಲ್ಲಿಯೇ ಮುರಿದು ಮುಂದಿನ ಸಾಲಿಗೆ ಇಳಿಯುತ್ತದೆ. ಓದುವವನೇ ಪದಗಳನ್ನು ಬಿಡಿಸಿಕೊಳ್ಳಬೇಕು. 'ಕೊಟ್ಟನೂರಂ' ಎಂಬ ಅಕ್ಷರಗಳು ಒಂದು ಕಲ್ಲಿನಲ್ಲಿವೆಯೆಂದು ಊಹಿಸೋಣ. 'ಕೊಟ್ಟನ್ ಊರಂ' ಎಂದು ಬಿಡಿಸಿದರೆ ಅರಸನು ಒಂದು ಊರನ್ನೇ ದಾನವಾಗಿ ಕೊಟ್ಟನೆಂದು ಅರ್ಥವಾಗುತ್ತದೆ. 'ಕೊಟ್ಟ ನೂರಂ' ಎಂದು ಬಿಡಿಸಿದರೆ ಕೊಟ್ಟದ್ದು ಬರಿಯ ನೂರು. ಸಂಧಿಯನ್ನು ಎಲ್ಲಿ ಬಿಡಿಸಬೇಕೆಂಬ ಒಂದು ಸಣ್ಣ ಪ್ರಶ್ನೆಯಲ್ಲಿ ಒಂದು ಊರೇ ಅಡಗಿದೆ! ಮುಂದಿನ ಸಾಲಿನಲ್ಲಿ ಆ ಊರಿನ ಎಲ್ಲೆಕಟ್ಟಿನ ವಿವರ ಬಂದರೆ ಮೊದಲನೆಯದು ಸರಿ. ಹೊನ್ನಿನ ಲೆಕ್ಕ ಬಂದರೆ ಎರಡನೆಯದು ಸರಿ.

ಎರಡನೆಯ ಕಷ್ಟವೆಂದರೆ ಅಳಿದುಹೋದ ಅಕ್ಷರಗಳು. ರೈಸರ ಸಂಪುಟಗಳ ಪುಟಗಳನ್ನು ತೆರೆದರೆ ಅಲ್ಲಲ್ಲಿ ಚುಕ್ಕೆಗಳ ಸಾಲು ಕಾಣುತ್ತದೆ. ಕಲ್ಲಿನಲ್ಲಿ ಓದಲಾಗದ ಅಕ್ಷರಗಳ ಜಾಗವದು. ಪದಬಂಧದ ಖಾಲಿ ಮನೆಗಳೇ ಅವು. ಅವುಗಳನ್ನು ತುಂಬುವ ಉಪಾಯಗಳನ್ನು ಹಳೆಯ ಕವಿಗಳೇ ತಮಗೆ ತಿಳಿಯದಂತೆ ನಮಗೆ ಕೊಟ್ಟುಹೋಗಿದ್ದಾರೆ. ಅನೇಕ ಶಾಸನಗಳು ಪದ್ಯರೂಪದಲ್ಲಿವೆ. ಕಂದಪದ್ಯದ ಒಂದನೆಯ ಮತ್ತು ಮೂರನೆಯ ಸಾಲುಗಳಿಗೆ ೧೨ ಮಾತ್ರೆ, ಎರಡನೆಯ ಮತ್ತು ನಾಲ್ಕನೆಯ ಸಾಲುಗಳಿಗೆ ೨೦ ಮಾತ್ರೆ ಎಂಬುದನ್ನು ನೀವು ಛಂದಸ್ಸಿನಲ್ಲಿ ಓದಿದ್ದೀರಿ. ಉಳಿದ ಮಾತ್ರೆಗಳನ್ನು ಎಣಿಸಿದರೆ ಕಳೆದುಹೋದವು ಎಷ್ಟೆಂಬುದು ತಿಳಿಯುತ್ತದೆ. ಇನ್ನು ಆದಿಪ್ರಾಸ. ಪದ್ಯದ ನಾಲ್ಕು ಸಾಲುಗಳಲ್ಲಿಯೂ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಒಂದು ಸಾಲಿನ ಎರಡನೆಯ ಅಕ್ಷರ ಪೂರ್ತಿ ಸವೆದುಹೋಗಿದ್ದರೂ ಉಳಿದ ಮೂರು ಸಾಲುಗಳು ಅದನ್ನು ಹೇಳಿಬಿಡುತ್ತವೆ. ಸ್ವರವನ್ನು ಮಾತ್ರ ಅರ್ಥದಿಂದ ಗ್ರಹಿಸಬೇಕು. ಮೇಲಿನಿಂದ ಕೆಳಕ್ಕೆ ಇಳಿಯುವ ಪದವು ಅಡ್ಡ ಪದಕ್ಕೆ ಒಂದಕ್ಷರವನ್ನು ಕೊಡುವ ಬಗೆಯೇ ಇದು. ಪ್ರಾಸವನ್ನು ಕೇವಲ ಕಿವಿಯ ಸೊಗಸೆಂದು ತಿಳಿದವರು ಈ ಉಪಯೋಗವನ್ನೂ ನೆನೆಯಬೇಕು.

ಎಲ್ಲಕ್ಕಿಂತ ಸ್ವಾರಸ್ಯವಾದುದು ಕಾಲವನ್ನು ಕುರಿತ ಒಗಟು. ಕೆಲವು ಶಾಸನಕವಿಗಳು ಶಕವರ್ಷವನ್ನು ಅಂಕಿಗಳಲ್ಲಿ ಬರೆಯದೆ ಪದಗಳಲ್ಲಿ ಅಡಗಿಸುತ್ತಿದ್ದರು. ಚಂದ್ರನು ಒಬ್ಬನೇ ಆದುದರಿಂದ ಶಶಿ ಎಂದರೆ ೧. ಕಣ್ಣು ಎಂದರೆ ೨. ವೇದ ಎಂದರೆ ೪. ಬಾಣ ಎಂದರೆ ೫. ಋತು ಎಂದರೆ ೬. ಗಿರಿ ಎಂದರೆ ೭. ವಸು ಎಂದರೆ ೮. ಬರಿದಾದ ಗಗನವೆಂದರೆ ಸೊನ್ನೆ. ಈ ಅಂಕಿಗಳನ್ನು ಹಿಂದುಮುಂದಾಗಿ ಓದಿಕೊಳ್ಳಬೇಕೆಂಬುದು ನಿಯಮ. ವಸು, ಗಿರಿ, ಗಗನ, ಶಶಿ ಎಂದು ಒಂದು ಶಾಸನದಲ್ಲಿದ್ದರೆ ಅದು ೮೭೦೧ ಅಲ್ಲ, ಶಕವರ್ಷ ೧೦೭೮. ಅದಕ್ಕೆ ೭೮ ಕೂಡಿಸಿದರೆ ಕ್ರಿಸ್ತಶಕ ೧೧೫೬. ಈಗ ಮೊದಲ ಪದವಾದ 'ವಸು' ಸವೆದುಹೋಗಿದೆಯೆಂದು ತಿಳಿಯೋಣ. ಆಗ ನಮಗೆ ಉಳಿಯುವುದು ೧೦೭೦ ರಿಂದ ೧೦೭೯ರವರೆಗಿನ ಹತ್ತು ವರ್ಷಗಳಲ್ಲಿ ಯಾವುದೋ ಒಂದು ಎಂಬಷ್ಟೇ. ಆದರೆ ಶಾಸನಗಳು ಸಂವತ್ಸರದ ಹೆಸರನ್ನೂ ಸಾಮಾನ್ಯವಾಗಿ ಹೇಳುತ್ತವೆ. ಅಲ್ಲಿ ಧಾತು ಸಂವತ್ಸರವೆಂದು ಉಳಿದಿದ್ದರೆ ಸಾಕು. ಅರವತ್ತು ವರ್ಷಗಳಿಗೊಮ್ಮೆ ಮಾತ್ರ ಬರುವ ಧಾತುವು ಆ ಹತ್ತು ವರ್ಷಗಳಲ್ಲಿ ೧೦೭೮ಕ್ಕೆ ಮಾತ್ರ ಹೊಂದುತ್ತದೆ. ಖಾಲಿ ಮನೆ ತುಂಬಿತು! (ನಮ್ಮ ಹಿರಿಯರು ಧಾತು ವರ್ಷದ ಬರವೆಂದು ಭಯದಿಂದ ನೆನೆಯುತ್ತಿದ್ದ ೧೮೭೬ರ ಕ್ಷಾಮವು ಅದೇ ಹೆಸರಿನ ಸಂವತ್ಸರದಲ್ಲಿ, ಸರಿಯಾಗಿ ಹನ್ನೆರಡು ಸುತ್ತುಗಳ ಅನಂತರ ಬಂದದ್ದು.) ಇದಲ್ಲದೆ ಮಾಸ, ತಿಥಿ, ವಾರಗಳೂ ಇದ್ದರೆ ಲೆಕ್ಕವನ್ನು ಮತ್ತೆ ತಾಳೆ ನೋಡಬಹುದು. ಒಮ್ಮೊಮ್ಮೆ ಅವು ಒಂದಕ್ಕೊಂದು ಹೊಂದುವುದಿಲ್ಲ. ಕಳೆದ ವರ್ಷವನ್ನು ಎಣಿಸಿದ್ದಾರೆಯೋ ನಡೆಯುವ ವರ್ಷವನ್ನೋ, ಅಥವಾ ಕಲ್ಲು ಕೊರೆದವನೇ ಎಡವಿದನೋ ಎಂಬುದನ್ನು ಆಗ ವಿಚಾರಿಸಬೇಕಾಗುತ್ತದೆ.

ಈ ಬಗೆಯ ಶ್ರಮವನ್ನು ರೈಸರು ಒಂದೆರಡು ಕಲ್ಲುಗಳಿಗಾಗಿ ಪಟ್ಟವರಲ್ಲ. ೧೮೮೬ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿ ೧೯೦೫ರವರೆಗೆ ಅವರು ಎಪಿಗ್ರಾಫಿಯಾ ಕರ್ನಾಟಿಕ ಎಂಬ ಮಾಲೆಯ ಹನ್ನೆರಡು ಸಂಪುಟಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಸುಮಾರು ೯೦೦೦ ಶಾಸನಗಳಿವೆ. ಕನ್ನಡ ಲಿಪಿಯ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ, ವಿಸ್ತಾರವಾದ ಪೀಠಿಕೆ ಎಲ್ಲವೂ ಉಂಟು. ಒಬ್ಬರೇ ಇಷ್ಟನ್ನೂ ಮಾಡಿದರೆಂದು ಹೇಳಿದರೆ ಅವರ ಜೊತೆಗಿದ್ದವರಿಗೆ ಅನ್ಯಾಯವಾಗುತ್ತದೆ. ಹಳ್ಳಿ ಹಳ್ಳಿ ಅಲೆದು ಕಲ್ಲನ್ನು ತೊಳೆದು, ನೆನೆದ ಕಾಗದವನ್ನು ಅದರ ಮೇಲೆ ಒತ್ತಿ, ಮಸಿಯಿಂದ ಅಚ್ಚು ತೆಗೆದ ನೌಕರರೂ, ಹಳಗನ್ನಡ ಸಂಸ್ಕೃತಗಳನ್ನು ಬಲ್ಲ ಪಂಡಿತರೂ ಅವರ ಬೆನ್ನಿಗಿದ್ದರು. ಅವರಲ್ಲಿ ಹೆಚ್ಚಿನವರ ಹೆಸರು ನಮ್ಮ ನಾಲಿಗೆಯ ಮೇಲಿಲ್ಲ. ೧೮೯೯ರಲ್ಲಿ ಇಲಾಖೆಗೆ ಬಂದ ಆರ್. ನರಸಿಂಹಾಚಾರ್ಯರು ಮಾತ್ರ ಮುಂದೆ ರೈಸರ ಸ್ಥಾನಕ್ಕೇ ಬಂದು ಕೀರ್ತಿವಂತರಾದರು.

ಸಂಪುಟಗಳನ್ನು ರೈಸರು ಜಿಲ್ಲೆಗಳಿಗನುಸಾರವಾಗಿ ವಿಭಾಗಿಸಿ, ಒಂದೊಂದು ತಾಲ್ಲೂಕಿನ ಶಾಸನಗಳಿಗೂ ಪ್ರತ್ಯೇಕವಾಗಿ ಸಂಖ್ಯೆ ಕೊಟ್ಟರು. ಇಂದಿನ ದಾವಣಗೆರೆ ಜಿಲ್ಲೆ ರೂಪುಗೊಂಡುದು ೧೯೯೭ರಲ್ಲಿ. ಆದುದರಿಂದ ಈ ಜಿಲ್ಲೆಯ ತಾಲ್ಲೂಕುಗಳನ್ನು ರೈಸರ ಪುಸ್ತಕಗಳಲ್ಲಿ ಎರಡು ಕಡೆ ಹುಡುಕಬೇಕು. ಆಗ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಚನ್ನಗಿರಿ ಮತ್ತು ಹೊನ್ನಾಳಿಗಳ ಶಾಸನಗಳು ೧೯೦೨ರಲ್ಲಿ ಬಂದ ಏಳನೆಯ ಸಂಪುಟದಲ್ಲಿವೆ. ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಜಗಳೂರಿನವು ೧೯೦೩ರಲ್ಲಿ ಬಂದ ಹನ್ನೊಂದನೆಯ ಸಂಪುಟದಲ್ಲಿವೆ. ಈಚೆಗೆ ಬೇರೆ ತಾಲ್ಲೂಕಾದ ನ್ಯಾಮತಿಯು ಆಗ ಹೊನ್ನಾಳಿಯೊಳಗೇ ಇದ್ದಿತು. ನ್ಯಾಮತಿ ತಾಲ್ಲೂಕಿನ ಬೆಳಗುತ್ತಿಯ ಶಾಸನಗಳನ್ನು ನೋಡಬೇಕಾದವರು ಹೊನ್ನಾಳಿಯ ಭಾಗವನ್ನೇ ತೆರೆಯಬೇಕು.

ಬೆಳಗುತ್ತಿ ಇಂದು ಒಂದು ಸಾಧಾರಣ ಗ್ರಾಮ. ಆದರೆ ೧೨ ಮತ್ತು ೧೩ನೆಯ ಶತಮಾನಗಳಲ್ಲಿ ಸಿಂದರೆಂಬ ಸಾಮಂತ ಅರಸರು ಅಲ್ಲಿಂದ ಆಳುತ್ತಿದ್ದರು. ಅವರನ್ನು ಕುರಿತು ಹಾಡು ಕಥೆಗಳಿಗಿಂತ ಹೆಚ್ಚಾಗಿ ಹೇಳುವುದು ಕಲ್ಲುಗಳೇ. ಆ ಸೀಮೆಯಲ್ಲೆಲ್ಲ ಕಾಣುವ ವೀರಗಲ್ಲುಗಳನ್ನು ನೀವೂ ನೋಡಿರಬಹುದು. ಕೆಳಗಿನ ಹಂತದಲ್ಲಿ ಕಾಳಗ, ಅದರ ಮೇಲೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಲಿಂಗದ ಸನ್ನಿಧಿ. ಹಂತಗಳ ನಡುವಣ ಪಟ್ಟಿಗಳಲ್ಲಿ ಅಕ್ಷರಗಳು. ಅವುಗಳಲ್ಲಿ ಬರುವ ಕೆಲವು ಪದಗಳೇ ಒಂದೊಂದು ಒಗಟಿನಂತಿವೆ. ತುಱು ಎಂದರೆ ದನ. ಶತ್ರುಗಳು ಬಂದು ದನಗಳನ್ನು ಅಟ್ಟಿಕೊಂಡು ಹೋಗುವುದು ತುಱುಗೊಳ್. ಹೆಂಗಸರು ಆಪತ್ತಿನಲ್ಲಿ ಇಟ್ಟ ಮೊರೆ ಪೆಣ್ಬುಯ್ಯಲ್. ಕಾದಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿ ನೆತ್ತರ್ಗೊಡಗೆ. ನೆತ್ತರಿಗಾಗಿ ಕೊಟ್ಟ ಕೊಡುಗೆಯೆಂಬುದು ಪದವನ್ನು ಬಿಡಿಸಿದೊಡನೆಯೇ ಮನಸ್ಸಿಗೆ ನಾಟುತ್ತದೆ. ಕೆರೆಯನ್ನು ಕಟ್ಟಿದವರಿಗೆ ಅಥವಾ ಕಾಪಾಡುವವರಿಗೆ ಬಿಟ್ಟ ಭೂಮಿ ಬಿತ್ತುವಟ್ಟ. ಅರಸರ ಬಿರುದುಗಳಿಗಿಂತ ಈ ಪದಗಳು ಆ ಕಾಲದ ಜನರನ್ನು ನಮಗೆ ಹತ್ತಿರಕ್ಕೆ ತರುತ್ತವೆ. ತನ್ನೂರಿನ ದನಗಳಿಗಾಗಿ ಪ್ರಾಣವನ್ನು ಕೊಟ್ಟ ಹೆಸರಿಲ್ಲದ ಒಬ್ಬ ಒಕ್ಕಲಿನ ಮಗನು ರೈಸರ ಸಂಪುಟದಲ್ಲಿ ಒಂದು ಸಂಖ್ಯೆಯನ್ನು ಪಡೆದು ಉಳಿದುಕೊಂಡಿದ್ದಾನೆ.

ಜಗಳೂರಿನ ಶಾಸನಗಳಿರುವ ಸಂಪುಟದಲ್ಲಿಯೇ ಅದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಶಾಸನಗಳೂ ಇವೆ. ರೈಸರ ಅತ್ಯಂತ ಪ್ರಸಿದ್ಧವಾದ ಶೋಧನೆ ಅಲ್ಲಿಯದು. ೧೮೯೨ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗರಾಮೇಶ್ವರಗಳ ಬಂಡೆಗಳ ಮೇಲೆ ಬ್ರಾಹ್ಮಿ ಲಿಪಿಯ ಬರಹಗಳು ಅವರಿಗೆ ದೊರೆತವು. ಅವು ಮೌರ್ಯ ಚಕ್ರವರ್ತಿ ಅಶೋಕನ ಆಜ್ಞೆಗಳು. ಕ್ರಿಸ್ತನಿಗಿಂತ ಸುಮಾರು ೨೫೦ ವರ್ಷಗಳ ಹಿಂದೆ ಆ ಚಕ್ರವರ್ತಿಯ ಅಧಿಕಾರವು ಕನ್ನಡ ನೆಲದವರೆಗೆ ಹಬ್ಬಿದ್ದಿತೆಂಬ ಸಂಗತಿಯನ್ನು ವಿದ್ವಾಂಸರು ಅಚ್ಚರಿಯಿಂದ ಕೇಳಿದರು. ಈ ಬಂಡೆಗಳಲ್ಲಿಯೂ ಒಂದು ವಿನೋದವಿದೆ. ಬರಹವನ್ನು ಮುಗಿಸುವಾಗ ಲಿಪಿಕಾರನಾದ ಚಪಡನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ತನ್ನ ಕಸುಬನ್ನು ಹೇಳುವ ಕೊನೆಯ ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿಯು ಭರತಖಂಡದ ವಾಯವ್ಯ ಮೂಲೆಯಲ್ಲಿ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಸಾಗುವ ಲಿಪಿ. ಎಡದಿಂದ ಬಲಕ್ಕೆ ಓದುತ್ತ ಬಂದವನು ಕಡೆಯ ಪದದಲ್ಲಿ ಥಟ್ಟನೆ ದಿಕ್ಕನ್ನು ಬದಲಿಸಬೇಕು! ಆತನು ತನ್ನ ವಿದ್ಯೆಯನ್ನು ಮೆರೆಸಲೆಂದು ಹಾಗೆ ಮಾಡಿದನೋ, ದೂರದ ತನ್ನ ನಾಡನ್ನು ನೆನೆದು ಮಾಡಿದನೋ, ಯಾರು ಬಲ್ಲರು? ಅಂತೂ ಎರಡು ಸಾವಿರ ವರ್ಷಗಳ ಅನಂತರ ವಿದ್ವಾಂಸರು ಅದನ್ನು ಬಿಡಿಸಿದರು.

ಈ ಬಂಡೆಗಳಲ್ಲಿ ಅರಸನ ಹೆಸರು ಅಶೋಕನೆಂದು ಇಲ್ಲ. ದೇವಾನಾಂಪಿಯ, ಅಂದರೆ ದೇವತೆಗಳಿಗೆ ಪ್ರಿಯನಾದವನು ಎಂಬ ಬಿರುದು ಮಾತ್ರ ಇದೆ. ಈ ಬಿರುದು ಅಶೋಕನದೇ ಎಂದು ವಿದ್ವಾಂಸರು ಬೇರೆ ಆಧಾರಗಳಿಂದ ನಿರ್ಣಯಿಸಿದ್ದರು. ೧೯೧೫ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಬಿರುದು ಮತ್ತು ಹೆಸರು ಎರಡೂ ಒಟ್ಟಿಗಿದ್ದ ಶಾಸನ ದೊರೆತಾಗ ಆ ಊಹೆಗೆ ಕಣ್ಣಿಗೆ ಕಾಣುವ ಸಾಕ್ಷಿ ಸಿಕ್ಕಿತು. ಆಗ ರೈಸರು ನಿವೃತ್ತರಾಗಿ ಇಂಗ್ಲೆಂಡಿನಲ್ಲಿದ್ದರು.

ಶಾಸನಗಳೊಡನೆ ಹಳಗನ್ನಡ ಕಾವ್ಯಗಳನ್ನೂ ಅಚ್ಚಿಗೆ ತರುವ ಕೆಲಸವನ್ನು ರೈಸರು ಕೈಗೊಂಡಿದ್ದರು. ಓಲೆಗರಿಗಳಲ್ಲಿ ಅಡಗಿದ್ದ ಪಂಪನ ಭಾರತವು ೧೮೯೮ರಲ್ಲಿ ಅವರ ಮಾಲೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ಅದೇ ಮಾಲೆಯಲ್ಲಿ ಕೆ. ಬಿ. ಪಾಠಕರು ಸಂಪಾದಿಸಿದ ಕವಿರಾಜಮಾರ್ಗವೂ ಬೆಳಕು ಕಂಡಿತು. ಕಾವ್ಯದಲ್ಲಿ ಹೆಸರಿದ್ದ ಅರಸನು ಶಾಸನದಲ್ಲಿಯೂ ಸಿಕ್ಕಿದರೆ ಕವಿಯ ಕಾಲ ತಿಳಿಯುತ್ತಿದ್ದಿತು. ಶಾಸನದಲ್ಲಿ ಅರ್ಥವಾಗದ ಪದವು ಕಾವ್ಯದ ಸಂದರ್ಭದಲ್ಲಿ ತಿಳಿಯಾಗುತ್ತಿದ್ದಿತು. ಒಂದು ಇನ್ನೊಂದನ್ನು ಬಿಡಿಸಿತು.

ರೈಸರು ತುಂಬಿದ ಮನೆಗಳೆಲ್ಲ ಸರಿಯೆಂದು ಹೇಳಲಾಗದು. ಗಂಗರ ಹೆಸರಿನ ಹಲವು ತಾಮ್ರಶಾಸನಗಳನ್ನು ಅವರು ನಿಜವೆಂದು ನಂಬಿ, ಅವುಗಳ ಆಧಾರದ ಮೇಲೆ ಆ ವಂಶದ ಚರಿತ್ರೆಯನ್ನು ಕಟ್ಟಿದರು. ಜೆ. ಎಫ್. ಫ್ಲೀಟ್ ಎಂಬ ಮತ್ತೊಬ್ಬ ಹಿರಿಯ ಶಾಸನತಜ್ಞರು ಅವುಗಳಲ್ಲಿ ಅನೇಕವು ಕೂಟಶಾಸನಗಳೆಂದು ಕಟುವಾಗಿ ವಾದಿಸಿದರು. ಭೂಮಿಯ ಹಕ್ಕನ್ನು ಸಾಧಿಸಲು ಹಿಂದಿನವರ ಹೆಸರಿನಲ್ಲಿ ಸುಳ್ಳು ದಾನಪತ್ರಗಳನ್ನು ಸೃಷ್ಟಿಸುವ ಚತುರರು ಆ ಕಾಲದಲ್ಲಿಯೂ ಇದ್ದರಷ್ಟೆ. ಅಂಥವರು ತಿಥಿ ವಾರಗಳನ್ನು ಜಾಣತನದಿಂದ ಹೊಂದಿಸಬಲ್ಲರು. ಆದರೆ ಅಕ್ಷರದ ಆಕಾರದಲ್ಲಿ ಸಿಕ್ಕಿಬೀಳುತ್ತಾರೆ. ನಾಲ್ಕನೆಯ ಶತಮಾನದ ತೇದಿಯನ್ನು ಹೊತ್ತ ತಗಡಿನಲ್ಲಿ ಹತ್ತನೆಯ ಶತಮಾನದ ತಲೆಕಟ್ಟು ಕಂಡರೆ ಅನುಮಾನ ಬರಲೇಬೇಕು. ಎಲ್ಲ ಮನೆಗಳೂ ತುಂಬಿದ ಮಾತ್ರಕ್ಕೆ ಪದಬಂಧ ಸರಿಯಾಯಿತೆಂದಲ್ಲ. ಈ ವಾದದಲ್ಲಿ ಫ್ಲೀಟರು ಎತ್ತಿದ ಆಕ್ಷೇಪಗಳಲ್ಲಿ ಬಹಳಷ್ಟು ನ್ಯಾಯವಿದ್ದಿತೆಂಬುದನ್ನು ಮುಂದಿನ ವಿದ್ವಾಂಸರು ಒಪ್ಪಿದರು. ಆದರೆ ಗಂಗರೆಂಬ ಅರಸರೇ ಪೂರ್ವಕಾಲದಲ್ಲಿ ಇರಲಿಲ್ಲವೆನ್ನುವಷ್ಟು ದೂರ ಸಂಶಯವನ್ನು ಎಳೆಯುವುದೂ ಸರಿಯಲ್ಲವೆಂದು ತಿಳಿಯಿತು. ರೈಸರು ಪಾಠಗಳನ್ನು ಪೂರ್ಣವಾಗಿ ಅಚ್ಚು ಮಾಡಿ ಎಲ್ಲರೆದುರಿಗೆ ಇಟ್ಟಿದ್ದುದರಿಂದಲೇ ಅವರನ್ನು ತಿದ್ದುವುದು ಸಾಧ್ಯವಾಯಿತು ಎಂಬುದನ್ನು ಮರೆಯಬಾರದು.

ನಿವೃತ್ತಿಯ ಅನಂತರವೂ ಅವರ ಲೇಖನಿ ಸುಮ್ಮನಿರಲಿಲ್ಲ. ಶಾಸನಗಳಿಂದ ತಿಳಿದುಬಂದ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು ೧೯೦೯ರಲ್ಲಿ ಒಂದೇ ಪುಸ್ತಕವಾಗಿ ಸಂಗ್ರಹಿಸಿ ಬರೆದರು. ಅವರು ಕಡೆಯ ದಿನಗಳನ್ನು ಕಳೆದುದು ಲಂಡನ್ನಿನ ಸಮೀಪದ ಹ್ಯಾರೋ ಎಂಬಲ್ಲಿ. ೧೯೨೭ರ ಜುಲೈ ೧೦ರಂದು, ತೊಂಬತ್ತು ತುಂಬಲು ಒಂದು ವಾರವಿರುವಾಗ, ಅವರು ತೀರಿಕೊಂಡರು.

ಅವರ ಸಂಪುಟಗಳ ಪ್ರತಿಗಳು ಕಾಲಕ್ರಮದಲ್ಲಿ ದುರ್ಲಭವಾದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ೧೯೭೨ರಿಂದ ಅವುಗಳ ಪರಿಷ್ಕೃತ ಆವೃತ್ತಿಯನ್ನು ಹೊರತರಲಾರಂಭಿಸಿತು. ಹಳ್ಳಿಗಳಿಗೆ ಮತ್ತೆ ಹೋಗಿ ಕಲ್ಲುಗಳನ್ನು ಮತ್ತೆ ಓದಿದ್ದರಿಂದ ರೈಸರ ಕಾಲದ ಚುಕ್ಕೆಗಳಲ್ಲಿ ಕೆಲವು ಅಕ್ಷರಗಳಾದವು. ಕೆಲವು ಕಲ್ಲುಗಳು ಇದ್ದ ಜಾಗದಲ್ಲಿ ಇರಲಿಲ್ಲ; ಅವು ಇಂದು ಉಳಿದಿರುವುದು ರೈಸರ ಪುಟಗಳಲ್ಲಿ ಮಾತ್ರ. ಹೊನ್ನಾಳಿ, ಚನ್ನಗಿರಿ, ಜಗಳೂರುಗಳ ಶಾಸನವೊಂದನ್ನು ಉಲ್ಲೇಖಿಸಬೇಕಾದವರು ಈಗಲೂ ತಾಲ್ಲೂಕಿನ ಹೆಸರನ್ನೂ ರೈಸರು ಕೊಟ್ಟ ಸಂಖ್ಯೆಯನ್ನೂ ಬರೆಯುತ್ತಾರೆ.